ನೆಟ್‌ವರ್ಕ್ ಸ್ಟೋರೇಜ್‌ನಿಂದ ಹಳೆಯ ಟಿವಿಗೆ: ತೊಡಕು ಎಲ್ಲಿದೆ ಎಂದು ಗುರುತಿಸುವ ಬಗೆ

ಸಕಲೇಶಪುರದ ಬಳಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆಯ ವೀಡಿಯೊಗಳೂ ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗಾದ ದಿನಗಳಲ್ಲಿ ಮೊಬೈಲಿನಲ್ಲಿ ತೆಗೆದ ತುಣುಕುಗಳೂ ಮನೆಯ ಜಾಲಕ್ಕೆ ಜೋಡಿಸಿ ಫೈಲುಗಳನ್ನು ಕೂಡಿಡುವ ಒಂದು ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯಲ್ಲಿವೆ. ಅವುಗಳನ್ನು ಹಜಾರದ ಹಳೆಯ ಟಿವಿಯಲ್ಲಿ ನೋಡಲು ಹೊರಟಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದೇನನ್ನಾದರೂ ಕೊಳ್ಳುವ ಮೊದಲು ಲಕ್ಷಣವನ್ನು ಗಮನಿಸಬೇಕು. ಪೆಟ್ಟಿಗೆಯ ಹೆಸರೇ ಟಿವಿಯಲ್ಲಿ ಕಾಣದಿದ್ದರೆ ತೊಡಕು ಟಿವಿ ಪೆಟ್ಟಿಗೆಯನ್ನು ಪತ್ತೆಹಚ್ಚುವ ಹುಡುಕಾಟದಲ್ಲಿದೆ. ವೀಡಿಯೊ ಆರಂಭವಾಗಿ ಆಗಾಗ ನಿಂತರೆ ಸಾಮಾನ್ಯವಾಗಿ ಸಂಪರ್ಕದಲ್ಲಿದೆ. ಫೈಲ್ ಕಂಡರೂ ತೆರೆಯದಿದ್ದರೆ ಅಥವಾ ಚಿತ್ರ ಬಂದು ಧ್ವನಿ ಬಾರದಿದ್ದರೆ ಬಹುಮಟ್ಟಿಗೆ ಫೈಲಿನ ರೂಪದಲ್ಲಿದೆ.

ಹಳೆಯ ಟಿವಿಗಳಲ್ಲಿ ಹುಡುಕಾಟ ನಡೆಯುವುದು ಹೆಚ್ಚಾಗಿ ಡಿಎಲ್‌ಎನ್‌ಎ ಪದ್ಧತಿಯಲ್ಲಿ, ಅಂದರೆ ಮನೆಯ ಸಾಧನಗಳು ಒಂದನ್ನೊಂದು ಗುರುತಿಸಿ ವೀಡಿಯೊ ಹಂಚಿಕೊಳ್ಳುವ ಪದ್ಧತಿಯಲ್ಲಿ. ಅದನ್ನು ರೂಪಿಸಿದ ಒಕ್ಕೂಟ 2003ರಲ್ಲಿ ಆರಂಭವಾಗಿ 2017ರಲ್ಲಿ ವಿಸರ್ಜನೆಗೊಂಡಿತಾದರೂ ಟಿವಿಗಳೊಳಗಿನ ವ್ಯವಸ್ಥೆ ಇಂದಿಗೂ ಕೆಲಸ ಮಾಡುತ್ತದೆ. ಟಿವಿಯು 239.255.255.250 ಎಂಬ ಸಾಮೂಹಿಕ ವಿಳಾಸದ 1900ನೇ ಪೋರ್ಟಿಗೆ ವಿಚಾರಣೆ ಕಳುಹಿಸುತ್ತದೆ; ಅದೇ ಜಾಲದಲ್ಲಿರುವ ಸರ್ವರ್ (ಇಲ್ಲಿ ನಮ್ಮ ಪೆಟ್ಟಿಗೆ) ಉತ್ತರಿಸುತ್ತದೆ. ದಪ್ಪ ಗೋಡೆಯ ತೋಟದ ಮನೆಗಳಲ್ಲಿ ವೈಫೈ ಒಳಕೋಣೆಗೆ ತಲುಪಲಿ ಎಂದು ಎರಡನೆಯ ರೂಟರ್ ಇಡುವುದುಂಟು. ಅದು ತನ್ನದೇ ಪ್ರತ್ಯೇಕ ಜಾಲವನ್ನು ನಿರ್ಮಿಸಿಕೊಂಡಿದ್ದರೆ ವಿಚಾರಣೆ ಆಚೆ ದಾಟುವುದಿಲ್ಲ. ಆ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಮೊದಲ ಜಾಲವನ್ನೇ ವಿಸ್ತರಿಸುವಂತೆ ಬದಲಿಸಿದರೆ ಸಾಕು.

ಸಂಪರ್ಕದ ವೇಗವನ್ನು ನಾವು ಅಗತ್ಯಕ್ಕಿಂತ ಹೆಚ್ಚು ಅನುಮಾನಿಸುತ್ತೇವೆ. ಒಂದು ಗಂಟೆಯ ವೀಡಿಯೊ 4 ಜಿಬಿ ಇದ್ದರೆ ಅದಕ್ಕೆ ಸರಾಸರಿ ಸೆಕೆಂಡಿಗೆ ಸುಮಾರು 9 ಮೆಗಾಬಿಟ್ ಸಾಕು. ಹಳೆಯ ಟಿವಿಗಳಲ್ಲಿ ಸಾಮಾನ್ಯವಾದ ಕೇಬಲ್ ಪೋರ್ಟಿನ ವೇಗ 100 ಮೆಗಾಬಿಟ್. ಆದ್ದರಿಂದ ಒಮ್ಮೆ ಕೇಬಲ್ ಜೋಡಿಸಿ ನೋಡಿದರೆ ವೈಫೈ ಕಾರಣವೋ ಅಲ್ಲವೋ ತಿಳಿಯುತ್ತದೆ.

ನಿಜವಾದ ಕಷ್ಟವಿರುವುದು ಫೈಲಿನ ರೂಪದಲ್ಲಿ. ಎಂಕೆವಿ, ಎಂಪಿ4 ಎಂಬವು ಚಿತ್ರ, ಧ್ವನಿಗಳನ್ನು ಒಟ್ಟಿಗೆ ಇಡುವ ಡಬ್ಬಿಗಳ ಹೆಸರು. ಒಳಗಿನ ಚಿತ್ರವನ್ನು ಯಾವ ಕೋಡೆಕ್‌ನಲ್ಲಿ (ಅಡಕಗೊಳಿಸಿ ಬಿಡಿಸುವ ವಿಧಾನದಲ್ಲಿ) ಅಡಕಗೊಳಿಸಲಾಗಿದೆ ಎಂಬುದು ಬೇರೆಯೇ ವಿಷಯ. ಎಚ್.264 ಎಂಬ ಕೋಡೆಕ್ ಮಾನದಂಡ 2003ರದು, ಎಚ್.265 ಬಂದದ್ದು 2013ರಲ್ಲಿ. ಅದಕ್ಕೂ ಮುಂಚಿನ ಟಿವಿಯ ಚಿಪ್‌ನಲ್ಲಿ ಎಚ್.265 ಬಿಡಿಸುವ ಸಾಮರ್ಥ್ಯವಿರುವುದಿಲ್ಲ, ಮತ್ತು ಆ ಕೆಲಸ ಚಿಪ್‌ನ ಯಂತ್ರಾಂಶದಲ್ಲಿಯೇ ನಡೆಯುವುದರಿಂದ ಸಾಫ್ಟ್‌ವೇರ್ ನವೀಕರಣದಿಂದ ಅದನ್ನು ನಿರೀಕ್ಷಿಸುವಂತಿಲ್ಲ. ನಮ್ಮ ತೋಟದ ತುಣುಕುಗಳು ತೆರೆಯದಿದ್ದುದಕ್ಕೆ ಇದೇ ಕಾರಣ: ಮೊಬೈಲ್ ಅವುಗಳನ್ನು ಎಚ್.265ರಲ್ಲಿ ದಾಖಲಿಸಿತ್ತು.

ಕೋಡೆಕ್ ಸರಿಯಿದ್ದು ಡಬ್ಬಿ ಮಾತ್ರ ಟಿವಿಗೆ ಹಿಡಿಸದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ವೀಡಿಯೊ ಪರಿವರ್ತಕ ಸಾಫ್ಟ್‌ವೇರ್‌ನಿಂದ ಡಬ್ಬಿಯನ್ನಷ್ಟೇ ಬದಲಿಸಬಹುದು. ಅದು ಬೇಗ ಮುಗಿಯುತ್ತದೆ, ಗುಣಮಟ್ಟವೂ ಕುಂದುವುದಿಲ್ಲ. ಡಿಟಿಎಸ್ ಎಂಬ ಧ್ವನಿ ಕೋಡೆಕ್‌ನಿಂದಾಗಿ ಟಿವಿ ಮೌನವಾಗಿದ್ದರೆ ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಎಸಿ3 ಎಂಬ ಇನ್ನೊಂದು ಧ್ವನಿ ಕೋಡೆಕ್‌ಗೆ ಪರಿವರ್ತಿಸಿದರಾಯಿತು. ಎಚ್.265 ಚಿತ್ರವನ್ನಾದರೋ ಪೂರ್ತಿ ಮರುರಚಿಸಲೇಬೇಕು. ಪೆಟ್ಟಿಗೆಯಲ್ಲಿ ಓಡುವ ಜೆಲ್ಲಿಫಿನ್‌ನಂತಹ ಸರ್ವರ್ ಸಾಫ್ಟ್‌ವೇರ್ ಅದನ್ನು ಆಡಿಸುವಾಗಲೇ ಮಾಡಬಲ್ಲದು, ಆದರೆ ಕಡಿಮೆ ಬೆಲೆಯ ಪೆಟ್ಟಿಗೆಯ ಪ್ರೊಸೆಸರ್ ಅನೇಕ ವೇಳೆ ಆ ಹೊರೆಯನ್ನು ತಾಳುವುದಿಲ್ಲ. ಮತ್ತೆ ಮತ್ತೆ ನೋಡುವ ಮನೆಯ ವೀಡಿಯೊವನ್ನು ಕಂಪ್ಯೂಟರಿನಲ್ಲಿ ಒಂದೇ ಸಲ 8 ಬಿಟ್ ಬಣ್ಣದ ಎಚ್.264ಕ್ಕೆ ಪರಿವರ್ತಿಸಿ, ಮೂಲ ಪ್ರತಿಯನ್ನು ಹಾಗೆಯೇ ಉಳಿಸಿಕೊಳ್ಳುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕಿವಿ ಮಂದವಾಗಿರುವ ನಮ್ಮ ಅಜ್ಜಿಗಾಗಿ ಮದುವೆಯ ಮಾತುಗಳಿಗೆ ಕನ್ನಡ ಸಬ್‌ಟೈಟಲ್ ಬರೆದಿದ್ದೆ. ಫೈಲನ್ನು ಕನ್ನಡ ಅಕ್ಷರಗಳನ್ನೂ ದಾಖಲಿಸಬಲ್ಲ ಯುಟಿಎಫ್-8 ಸಂಕೇತ ಕ್ರಮದಲ್ಲಿಯೇ ಉಳಿಸಿದ್ದರೂ ಟಿವಿಯಲ್ಲಿ ಬರೀ ಚೌಕಗಳು ಕಂಡವು. ಕನ್ನಡದ ಅಕ್ಷರವಿನ್ಯಾಸ (ಫಾಂಟ್) ಇಲ್ಲದ ಅಥವಾ ಒತ್ತಕ್ಷರಗಳನ್ನು ಜೋಡಿಸಲು ಬಾರದ ಟಿವಿಗಳಲ್ಲಿ ಪಠ್ಯವನ್ನು ಚಿತ್ರದೊಳಗೇ ಅಚ್ಚೊತ್ತುವುದು ಖಚಿತವಾದ ಪರಿಹಾರ. ಅದಕ್ಕೂ ಚಿತ್ರದ ಮರುರಚನೆ ಬೇಕಾಗುವುದರಿಂದ ಕೋಡೆಕ್ ಬದಲಾವಣೆಯ ಜೊತೆಯಲ್ಲೇ ಮುಗಿಸಬೇಕು. ಇಡೀ ವೀಡಿಯೊವನ್ನು ಪರಿವರ್ತನೆಗೆ ಹಾಕುವ ಮುನ್ನ ಒಂದು ನಿಮಿಷದ ತುಣುಕನ್ನು ಸಿದ್ಧಪಡಿಸಿ, ಅಕ್ಷರಗಳ ಗಾತ್ರ ಸಾಲುವುದೇ ಎಂದು ಅಜ್ಜಿ ಕೂರುವ ಕುರ್ಚಿಯಲ್ಲಿಯೇ ಕುಳಿತು ಪರೀಕ್ಷಿಸಿದೆ.