ಕಾಂಕ್ರೀಟ್ ಹಲಗೆ ಜೋಡಿಸಿ ಮಹಡಿ ಮಾಡಿದರೆ ಗಟ್ಟಿ ನಿಲ್ಲುತ್ತದೆಯೇ?

ಪ್ರಶ್ನೆ: ಮೂಡಿಗೆರೆ ಕಡೆ ತೋಟದ ಮನೆ. ಕೆಳಗೆ 12 ಅಡಿ–14 ಅಡಿ ಕೋಣೆ, 8 ಇಂಚಿನ ಸಾಲಿಡ್ ಬ್ಲಾಕ್ ಗೋಡೆ. ಅದರ ಮೇಲೊಂದು ಕೋಣೆ ಬೇಕು. ಸೆಂಟ್ರಿಂಗ್‌ನವರು ಇಷ್ಟು ದೂರ ಬರಲು ಒಪ್ಪುತ್ತಿಲ್ಲ. ರೆಡಿಮೇಡ್ ಕಾಂಕ್ರೀಟ್ ಹಲಗೆ ಜೋಡಿಸಿ ಮಹಡಿ ಮಾಡಬಹುದೇ? ಮುಂದೆ ಬಿರುಕು ಬಿಡುವುದಿಲ್ಲವೇ?

ಉತ್ತರ: ಮಾಡಬಹುದು, ಗಟ್ಟಿಯಾಗಿಯೂ ನಿಲ್ಲುತ್ತದೆ. ಆದರೆ ಹಲಗೆಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ಅದು ಮಹಡಿಯಾಗುವುದಿಲ್ಲ. ಹಲಗೆ, ತೊಲೆ, ಗೋಡೆ ಮೂರನ್ನೂ ಒಂದಾಗಿ ಹಿಡಿಯುವುದು ಕೊನೆಯಲ್ಲಿ ಸಂದುಗಳಿಗೆ ಸುರಿಯುವ ಕಾಂಕ್ರೀಟ್. ಬಿರುಕು ಬಿಟ್ಟ ಮಹಡಿಗಳಲ್ಲಿ ಹೆಚ್ಚಾಗಿ ಕೆಟ್ಟಿರುವುದು ಆ ಹಂತವೇ.

ಮೊದಲು ಒಂದು ಎಚ್ಚರಿಕೆ. ಕಾಂಪೌಂಡಿಗೆಂದು ಮಾರುವ ಸಿಮೆಂಟ್ ಸ್ಲ್ಯಾಬನ್ನು ಮಹಡಿಗೆ ಹಾಸಲೇಬೇಡಿ. ಅದು ಕಂಬಗಳ ನಡುವೆ ನಿಲ್ಲಲು ಮಾಡಿದ್ದು, ಜನ ಓಡಾಡುವ ಭಾರ ಹೊರಲು ಅಲ್ಲ. ಮಹಡಿಗೆ ಬೇಕಾದದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಹಲಗೆ–ತೊಲೆ ಪದ್ಧತಿ. ಹಲಗೆ, ತೊಲೆಗಳಿಗೆ ಐಎಸ್ 13990, ವಿನ್ಯಾಸಕ್ಕೂ ಕಟ್ಟುವ ಕ್ರಮಕ್ಕೂ ಐಎಸ್ 13994 ಎಂಬ ಭಾರತೀಯ ಮಾನಕಗಳಿವೆ. ನಿಮ್ಮ ಎಂಜಿನಿಯರ್‌ಗೆ ಈ ಎರಡು ಸಂಖ್ಯೆ ಹೇಳಿ, ತೊಲೆಯ ಕಂಬಿಯ ಲೆಕ್ಕವನ್ನು ಅವರಿಂದಲೇ ಮಾಡಿಸಿ.

ಈ ಹಲಗೆಯ ಅಗಲ 300 ಮಿ.ಮೀ., ಉದ್ದ ಹೆಚ್ಚೆಂದರೆ 1.5 ಮೀಟರ್. ನಡುಭಾಗ 60 ಮಿ.ಮೀ. ದಪ್ಪ, ಎರಡು ಉದ್ದದ ಅಂಚುಗಳ ಕಡೆಗೆ ಇಳಿಯುತ್ತ 30 ಮಿ.ಮೀ. ಆಗುತ್ತದೆ. ಹೀಗಾಗಿ ಎರಡು ಹಲಗೆ ಪಕ್ಕಪಕ್ಕ ಕೂತಾಗ ನಡುವೆ ಕಾಲುವೆಯಂಥ ತಗ್ಗು ಉಳಿಯುತ್ತದೆ. ಒಳಗೆ ಉದ್ದಕ್ಕೆ 6 ಮಿ.ಮೀ.ನ ಮೂರು ಕಂಬಿ, ಅಡ್ಡಕ್ಕೆ 200 ಮಿ.ಮೀ.ಗೊಂದು. ತೂಕ 50 ಕೆಜಿ ಆಸುಪಾಸು. ಇಬ್ಬರು ಹೊರಬಹುದು, ಲಾರಿಯೂ ಕ್ರೇನೂ ಬಾರದ ತೋಟದ ದಾರಿಗೆ ಇದೇ ದೊಡ್ಡ ಅನುಕೂಲ. ತೊಲೆ 150 ಮಿ.ಮೀ. ಅಗಲ, 150 ಮಿ.ಮೀ. ಎತ್ತರ, ಮೇಲೆ ರಿಂಗ್‌ಗಳು (ಕಂಬಿಗಳನ್ನು ಸುತ್ತಿ ಹಿಡಿಯುವ ಬಳೆಗಳು) ಚಾಚಿಕೊಂಡಿರುತ್ತವೆ. ಗೋಡೆಯಿಂದ ಗೋಡೆಗೆ 4 ಮೀಟರ್ ಅಂತರದವರೆಗೆ ಈ ಅಳತೆಯ ತೊಲೆ ಸಾಕು.

ನಿಮ್ಮ ಕೋಣೆಗೆ ಲೆಕ್ಕ ಹೀಗಾಗುತ್ತದೆ. ತೊಲೆಗಳನ್ನು ಯಾವಾಗಲೂ ಕಿರಿದಾದ ದಿಕ್ಕಿಗೆ, ಅಂದರೆ 12 ಅಡಿಗೆ (3.66 ಮೀಟರ್) ಹಾಕಬೇಕು. ಎರಡು ತೊಲೆ ಹಾಕಿದರೆ 14 ಅಡಿ ಮೂರು ಅಂಕಣವಾಗುತ್ತದೆ. ಒಂದೊಂದು ಅಂಕಣಕ್ಕೆ 12 ಹಲಗೆಯಂತೆ ಒಟ್ಟು 36. ಹಲಗೆಯ ಉದ್ದ 1.425 ಮೀಟರ್ ಇಟ್ಟುಕೊಂಡರೆ ತೊಲೆಯ ಮೇಲೆ 40 ಮಿ.ಮೀ., ಗೋಡೆಯ ಮೇಲೆ 75 ಮಿ.ಮೀ. ಕೂರುತ್ತದೆ, ಒಂದೇ ಅಳತೆಯ ಅಚ್ಚು ಸಾಕಾಗುತ್ತದೆ. ಒಡೆದುಹೋಗುವುದಕ್ಕೆಂದು 40 ಹಲಗೆ ಮಾಡಿಕೊಳ್ಳಿ. ತೊಲೆ ಗೋಡೆಯ ಮೇಲೆ ಎರಡೂ ಕಡೆ 150 ಮಿ.ಮೀ. ಕೂರಲು 3.96 ಮೀಟರ್ ಉದ್ದ ಬೇಕು; ತೂಕ ಸುಮಾರು 220 ಕೆಜಿ, ಹಾಗಾಗಿ ಚೈನ್ ಪುಲ್ಲಿ ತರಿಸಿಕೊಳ್ಳಿ. ಎಂ20 (ಇದು ಕಾಂಕ್ರೀಟಿನ ಬಲದ ದರ್ಜೆ) ಕಾಂಕ್ರೀಟಿಗೆ ಒಟ್ಟು 10–11 ಮೂಟೆ ಸಿಮೆಂಟ್ ಬೇಕಾಗುತ್ತದೆ. ಇದೇ ಕೋಣೆಗೆ 5 ಇಂಚಿನ ಮೋಲ್ಡ್ (ಸೆಂಟ್ರಿಂಗ್ ಕಟ್ಟಿ ಸ್ಥಳದಲ್ಲೇ ಎರೆಯುವ ಕಾಂಕ್ರೀಟ್) ಹಾಕಿದರೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಹಲಗೆ ಎರೆಯಲು ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ: ಸಮತಟ್ಟು, ಗಟ್ಟಿ, ಕೊಯ್ಲು ಮುಗಿದ ಮೇಲೆ ಖಾಲಿ. ಆದರೆ ಅಚ್ಚು ಬಿಡಲೆಂದು ಕಣಕ್ಕೆ ಸುಟ್ಟ ಎಣ್ಣೆ ಬಳಿಯಲು ಯಾರಿಗೂ ಬಿಡಬೇಡಿ. ಆ ವಾಸನೆ ಮುಂದಿನ ಬೆಳೆಯ ಕಾಫಿಗೆ ಹಿಡಿದೀತು. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡರೆ ಸಾಕು. ಜೆಲ್ಲಿ 12 ಮಿ.ಮೀ. ಮೀರಬಾರದು, ಅಂಚು ಬರೀ 30 ಮಿ.ಮೀ. ತಾನೇ. ಎರೆದ ಹಲಗೆಯನ್ನು 14 ದಿನ ನೀರಲ್ಲಿಟ್ಟು, ಮತ್ತೆ 14 ದಿನ ನೆರಳಲ್ಲಿ ಒಣಗಿಸಿ. ಈ ಒಣಗಿಸುವ ದಿನಗಳನ್ನು ಉಳಿಸಲು ಹೋಗುವವರೇ ಹೆಚ್ಚು. ಕಾಂಕ್ರೀಟ್ ಒಣಗುತ್ತ ಕುಗ್ಗುತ್ತದೆ. ಹೊರಗೇ ಕುಗ್ಗಿದರೆ ಒಳ್ಳೆಯದು, ಮಹಡಿಯಲ್ಲಿ ಕೂತ ಮೇಲೆ ಕುಗ್ಗಿದರೆ ಸಂದು ಬಾಯಿಬಿಡುತ್ತದೆ.

ಪೇರಿಸಿಡುವಾಗ ಎರಡು ತುದಿಯಿಂದ ಒಂದೊಂದು ಅಡಿ ಒಳಗೆ ರೀಪು ಕೊಡಿ. ಮೇಲಿನ ರೀಪು ಕೆಳಗಿನದರ ನೇರಕ್ಕೇ ಬರಬೇಕು. ನಡುವೆ ಒಂದೇ ರೀಪು ಇಟ್ಟರೆ, ಇಲ್ಲವೇ ಹಲಗೆಯ ನಡುವಿಗೆ ಹಗ್ಗ ಕಟ್ಟಿ ಎತ್ತಿದರೆ ಮೇಲ್ಮೈ ಸೀಳುತ್ತದೆ, ಏಕೆಂದರೆ ಕಂಬಿ ಇರುವುದು ತಳದಲ್ಲಿ.

ಜೋಡಿಸುವ ದಿನ ಗೋಡೆಯ ತಲೆಯನ್ನು ಮಟ್ಟದ ಪೈಪಿನಲ್ಲಿ ನೋಡಿ ಗಾರೆ ಹಾಕಿ ಸಮ ಮಾಡಿ. ತೊಲೆ ಕೂರುವಲ್ಲಿ ಭಾರ ಹರಡಲು ಕಾಂಕ್ರೀಟ್ ದಿಮ್ಮಿ (ಬೆಡ್ ಬ್ಲಾಕ್) ಇರಲಿ. ತೊಲೆಗಳ ನಡುವಿನ ಅಂತರವನ್ನು ಎರಡು ತುದಿಯಲ್ಲೂ ಅಳೆದು, ಪ್ರತಿ ತೊಲೆಯ ಮಧ್ಯಕ್ಕೊಂದು ಜಾಕಿ (ತಾತ್ಕಾಲಿಕ ಆಧಾರದ ಕಂಬ) ಕೊಟ್ಟು, ಆಮೇಲೆ ಹಲಗೆ ಹತ್ತಿಸಿ. ಹಲಗೆ ಅಲುಗಾಡಿದರೆ ಕೆಳಗೆ ಕಲ್ಲುಚೂರು ಸಿಕ್ಕಿಸಬೇಡಿ. ಎತ್ತಿ, ತೆಳ್ಳಗೆ ಗಾರೆ ಹಾಸಿ ಮತ್ತೆ ಕೂರಿಸಿ.

ಇನ್ನು ಕಾಲುವೆ ತುಂಬುವ ಕೆಲಸ. ಇಲ್ಲಿ ಹಿಡಿಯುವ ಕಾಂಕ್ರೀಟ್, ಗೋಡೆಯ ಮೇಲಿನದನ್ನು ಬಿಟ್ಟರೆ, ಕಾಲು ಘನಮೀಟರ್ ಅಷ್ಟೇ. ಸ್ವಲ್ಪವೇ ಅಲ್ಲವೇ ಎಂದು ಸಂಜೆ ಉಳಿದ ಗಾರೆಯನ್ನು, ಒಡೆದ ಬ್ಲಾಕಿನ ಚೂರನ್ನು ತುಂಬಿಸಿಬಿಡುತ್ತಾರೆ. ಅದನ್ನು ಖಂಡಿತ ಒಪ್ಪಬೇಡಿ. ತೊಲೆ ತನ್ನ 150 ಮಿ.ಮೀ. ಎತ್ತರದಿಂದಷ್ಟೇ ಭಾರ ಹೊರುವುದಿಲ್ಲ; ಮೇಲಿನ 60 ಮಿ.ಮೀ. ಅದಕ್ಕೆ ಬೆಸೆದು ಒಟ್ಟು 210 ಮಿ.ಮೀ. ಆದಾಗಲೇ ಲೆಕ್ಕದ ಬಲ ಬರುವುದು. ಕಸ, ಧೂಳು ಗುಡಿಸಿ, ಹಿಂದಿನ ರಾತ್ರಿಯೇ ನೀರು ಹೊಡೆದು ನೆನೆಸಿ. ಒಣಗಿದ ಹಲಗೆ ಹೊಸ ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತದೆ, ಬೆಸುಗೆ ಹಿಡಿಯುವುದಿಲ್ಲ. ನೀರು ನಿಂತಿರಲೂಬಾರದು. ಪ್ರತಿ ಕಾಲುವೆಯಲ್ಲೂ ತೊಲೆಯನ್ನು ಅಡ್ಡ ದಾಟುವಂತೆ, ನಕ್ಷೆಯಲ್ಲಿ ಹೇಳಿದ ಮೇಲುಕಂಬಿ ಇಟ್ಟು ರಿಂಗಿಗೆ ಕಟ್ಟಿ. ಅದನ್ನು ಬಿಟ್ಟ ಮನೆಗಳಲ್ಲಿ ತೊಲೆಯ ನೇರಕ್ಕೆ ಟೈಲ್ಸ್ ಗೆರೆ ಎಳೆದಂತೆ ಸೀಳುತ್ತದೆ. ಬಳಿಕ ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮೊದಲೇ ಎಂ20 ಕಾಂಕ್ರೀಟ್ ತುಂಬಿ ಕಂಬಿಯಲ್ಲಿ ಚೆನ್ನಾಗಿ ಕುಕ್ಕಿ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ ಕನಿಷ್ಠ 10 ದಿನ ಕ್ಯೂರಿಂಗ್. ಜಾಕಿ 14 ದಿನ ಅಲ್ಲೇ ಇರಲಿ.

ಕರೆಂಟಿನ ಪೈಪು, ಫ್ಯಾನಿನ ಕೊಕ್ಕೆ ಎಲ್ಲ ಕಾಲುವೆಯೊಳಗೇ, ತುಂಬುವ ಮೊದಲೇ ಬರಬೇಕು. ಆಮೇಲೆ ಹಲಗೆಗೆ ಉಳಿ ಇಡುವ ಹಾಗಿಲ್ಲ. ಮೇಲೆ ಅಡ್ಡಗೋಡೆ ಬರುವುದಾದರೆ ಅದು ತೊಲೆಯ ನೇರಕ್ಕೇ ಬರಲಿ, ಅಲ್ಲಿ ಜೋಡಿ ತೊಲೆ ಕೇಳಿ. ಬಚ್ಚಲು, ಟಾಯ್ಲೆಟ್ ಬರುವ ಜಾಗಕ್ಕೆ ಹಲಗೆ ಬೇಡ. ಅಷ್ಟಕ್ಕೆ ಮಾತ್ರ ಮಾಮೂಲಿ ಮೋಲ್ಡ್ ಹಾಕಿಸಿ.

ಕೆಳಗಿನಿಂದ ಕಾಣುವ ಸಂದುಗಳಿಗೆ ಪ್ಲಾಸ್ಟರ್ ಬಳಿದು ಮುಚ್ಚಿದರೆ ವರ್ಷದೊಳಗೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಅದರಿಂದ ಅಪಾಯವಿಲ್ಲ, ಮನಸ್ಸಿಗೆ ಕಿರಿಕಿರಿ ಅಷ್ಟೆ. ಸಂದನ್ನು ಗೀರಿನಂತೆ ಬಿಟ್ಟು ಪಾಯಿಂಟಿಂಗ್ ಮಾಡಿ ಬಣ್ಣ ಹೊಡೆದರೆ ಹಲಗೆ ಅಟ್ಟದ ಹಾಗೆಯೇ ಚೆಂದ ಕಾಣುತ್ತದೆ. ಆದರೆ ಮಲೆನಾಡಿನ ಮಳೆಗೆ ನೇರ ಒಡ್ಡುವ ಕೊನೆಯ ಛಾವಣಿಯಾಗಿ ಇದನ್ನು ಬಳಸುವುದು ನಮಗೆ ಒಪ್ಪಿಗೆಯಿಲ್ಲ, ಸಂದುಗಳು ತುಂಬ ಇವೆ. ಮಹಡಿಗೆ ಹಲಗೆ, ಅದರ ಮೇಲಿನ ಕೋಣೆಗೆ ಹೆಂಚು ಇಲ್ಲವೇ ಶೀಟು ಹಾಕಿಸಿ. ಕಣ ಖಾಲಿಯಾದೊಡನೆ, ಮಾರ್ಚ್ ಕೊನೆಗೆ ಅಚ್ಚು ಶುರುಮಾಡಿದರೆ ಜೂನ್ ಮಳೆ ಹಿಡಿಯುವ ಮುಂಚೆ ಜಾಕಿ ಬಿಚ್ಚಬಹುದು.