ಮಿಂಚಿ ಮರೆಯಾಗುವ ಸ್ಫೋಟಗಳಲ್ಲಿ ಲಯವನ್ನು ಹುಡುಕಿದ ಕಥೆ

2004ರ ಡಿಸೆಂಬರ್ 27ರಂದು ಎಸ್‌ಜಿಆರ್ 1806-20 ಎಂಬ ಮ್ಯಾಗ್ನೆಟಾರ್, ಅಂದರೆ ಅತಿ ಪ್ರಬಲ ಕಾಂತಕ್ಷೇತ್ರವುಳ್ಳ ನ್ಯೂಟ್ರಾನ್ ನಕ್ಷತ್ರ, ಸಿಡಿಯಿತು. ಕಣ್ಣು ಕುಕ್ಕುವ ಮೊದಲ ಹೊಳಪು ಒಂದು ಸೆಕೆಂಡೂ ಉಳಿಯಲಿಲ್ಲ; ಅದರ ಬಾಲ ಮಾತ್ರ ಕೆಲವು ನಿಮಿಷ ಮಿನುಗಿತು. ಆ ಬಾಲದಲ್ಲಿ ಸೆಕೆಂಡಿಗೆ ಸುಮಾರು 92 ಬಾರಿ ಬಡಿಯುವ ಕಂಪನವಿದೆ ಎಂದು 2005ರಲ್ಲಿ ಜಿಯಾನ್ ಲೂಕಾ ಇಸ್ರೇಲ್ ಮತ್ತು ಸಂಗಡಿಗರು ಪ್ರಕಟಿಸಿದರು. ನ್ಯೂಟ್ರಾನ್ ನಕ್ಷತ್ರದ ಹೊರಪದರವೇ ಅದುರಿದ್ದು ನಿಜವಾದರೆ, ಯಾರೂ ತಲುಪಲಾಗದ ಅದರ ಒಳಗನ್ನು ಆ ಕಂಪನದಿಂದ ಅಳೆಯಬಹುದು. ಆದರೆ ಒಮ್ಮೆ ಮಾತ್ರ ನಡೆದು ಮುಗಿದ ಘಟನೆಯಲ್ಲಿ ಕಂಡ ಲಯ ನಿಜವೆಂದು ತೀರ್ಮಾನಿಸುವುದು ಹೇಗೆ?

ಈ ಪ್ರಶ್ನೆಯ ಬೇರು 1898ಕ್ಕೆ ಹೋಗುತ್ತದೆ. ಹವಾಮಾನದಲ್ಲಿ 26 ದಿನಗಳ ಆವರ್ತವಿದೆ ಎಂಬ ಮಾತನ್ನು ಪರೀಕ್ಷಿಸಲು ಹೊರಟ ಆರ್ಥರ್ ಶುಸ್ಟರ್, ಪ್ರತಿ ಆವರ್ತನದಲ್ಲೂ ಎಷ್ಟು ಬಲವಿದೆ ಎಂದು ತೋರಿಸುವ ಪೀರಿಯಡೋಗ್ರಾಂ ಎಂಬ ನಕ್ಷೆ ರೂಪಿಸಿದರು; ಲಯವಿರುವ ಕಡೆ ಅದರಲ್ಲಿ ಶಿಖರ ಏಳುತ್ತದೆ. 1983ರಲ್ಲಿ ಲೀಹಿ ಮತ್ತು ಸಂಗಡಿಗರು ಎಕ್ಸ್ ಕಿರಣಗಳ ಎಣಿಕೆಗೆ ಅದನ್ನು ಹೊಂದಿಸಿದರು. ಒಂದು ಶಿಖರ ಆಕಸ್ಮಿಕವಾಗಿ ಎಷ್ಟು ಎತ್ತರಕ್ಕೆ ಏಳಬಹುದೆಂದು ಆಗ ಲೆಕ್ಕ ಹಾಕುವುದು ಸುಲಭವಾಯಿತು. ಸಾವಿರಕ್ಕೊಂದು ಎನ್ನುವಷ್ಟು ಅಪರೂಪದ ಶಿಖರವನ್ನು ಸಾವಿರ ಆವರ್ತನಗಳಲ್ಲಿ ಹುಡುಕಿದರೆ ಒಂದಾದರೂ ಸಿಗುವುದು ಸಹಜ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕಿತ್ತು.

ಇದಕ್ಕಿಂತ ದೊಡ್ಡ ತೊಡಕು ಗದ್ದಲದ, ಅಂದರೆ ದತ್ತಾಂಶದಲ್ಲಿನ ಆಕಸ್ಮಿಕ ಏರಿಳಿತದ, ಸ್ವಭಾವದಲ್ಲಿತ್ತು. ಮಂಡ್ಯ, ಮೈಸೂರಿನವರು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡುತ್ತಲೇ ಇರುತ್ತಾರೆ. ಇಂದಿನ ಮಟ್ಟ ನಿನ್ನೆಯದಕ್ಕೆ ಅಂಟಿಕೊಂಡೇ ಬರುತ್ತದೆ, 124.8 ಅಡಿ ತುಂಬಿದ ಕಟ್ಟೆ ಮರುದಿನವೇ 80 ಅಡಿಗೆ ಇಳಿಯುವುದಿಲ್ಲ. ಮಳೆಗಾಲದ ವಾರ್ಷಿಕ ಲಯವನ್ನು ಬದಿಗಿಟ್ಟರೂ, ಹೀಗೆ ಹಿಂದಿನದರ ನೆನಪಿಟ್ಟುಕೊಂಡು ಸಾಗುವ ಏರಿಳಿತದ ತುಣುಕೊಂದನ್ನು ಕತ್ತರಿಸಿ ನೋಡಿದರೆ ಎರಡು ಮೂರು ಅಂದವಾದ ಅಲೆಗಳು ಕಾಣಬಹುದು. ಅವು ಯಾವ ಗಡಿಯಾರಕ್ಕೂ ಸೇರಿದವಲ್ಲ. ಬರೀ ಆಕಸ್ಮಿಕಗಳ ಮೊತ್ತವೂ ಆವರ್ತದಂತೆ ಕಾಣುತ್ತದೆಂದು ಸ್ಲುಟ್ಸ್ಕಿ 1927ರಲ್ಲೇ ತೋರಿಸಿದ್ದರು. ಹೀಗೆ ನೆನಪಿರುವ ಏರಿಳಿತವನ್ನು ಖಗೋಳ ವಿಜ್ಞಾನಿಗಳು ಕೆಂಪು ಗದ್ದಲ ಎನ್ನುತ್ತಾರೆ. ಸೌರಜ್ವಾಲೆ, ಬಾಹ್ಯಾಕಾಶದ ಗಾಮಾ ಕಿರಣ ಸ್ಫೋಟಗಳೆಲ್ಲ ಇದರಿಂದ ತುಂಬಿವೆ. ನೆನಪಿಲ್ಲದ ಬಿಳಿ ಗದ್ದಲವನ್ನು ಎದುರಿಗಿಟ್ಟುಕೊಂಡು ಗೆದ್ದ ಲಯವನ್ನು ಗೆಲುವೆಂದು ನಾನು ಒಪ್ಪಲಾರೆ.

ಸೈಮನ್ ವಾನ್ 2005 ಮತ್ತು 2010ರಲ್ಲಿ ಕೆಂಪು ಗದ್ದಲದ ಎದುರೇ ಶಿಖರವನ್ನು ತೂಗುವ ವಿಧಾನಗಳನ್ನು ಕೊಟ್ಟರು. 2013ರಲ್ಲಿ ಡ್ಯಾನಿಯೆಲಾ ಹುಪ್ಪೆನ್‌ಕೋಥೆನ್ ಮತ್ತು ಸಂಗಡಿಗರು ಬೇಸಿಯನ್ ದಾರಿಯನ್ನು (ಮೊದಲಿನ ಅಂದಾಜನ್ನು ದತ್ತಾಂಶದಿಂದ ತಿದ್ದಿಕೊಳ್ಳುವ ಸಂಖ್ಯಾಶಾಸ್ತ್ರದ ವಿಧಾನ) ಮ್ಯಾಗ್ನೆಟಾರ್ ಸ್ಫೋಟಗಳಿಗೆ ಅಳವಡಿಸಿದರು. 2015ರಲ್ಲಿ ಆ್ಯಂಡ್ರೂ ಇಂಗ್ಲಿಸ್ ತಂಡ ಮರುಪರೀಕ್ಷೆ ಮಾಡಿದಾಗ, ಸೌರಜ್ವಾಲೆಗಳಲ್ಲಿ ಕಂಡಿವೆ ಎಂದಿದ್ದ ಹಲವು ಲಯಗಳನ್ನು ಗದ್ದಲವೊಂದರಿಂದಲೇ ವಿವರಿಸಬಹುದೆಂದು ತಿಳಿಯಿತು. 2022ರಲ್ಲಿ ಮೊರಿಟ್ಸ್ ಹ್ಯೂಬ್ನರ್ ಮತ್ತು ಸಂಗಡಿಗರು ಇನ್ನೊಂದು ಬಲೆಯನ್ನು ಎತ್ತಿ ತೋರಿಸಿದರು: ಸ್ಫೋಟದ ಹಿಂದುಮುಂದಿನ ನಿಶ್ಚಲ ಸಮಯವನ್ನೂ ಸೇರಿಸಿಕೊಂಡರೆ ಶಿಖರದ ಮಹತ್ವ ಸುಳ್ಳಾಗಿ ಉಬ್ಬುತ್ತದೆ. ಸಮಯವನ್ನು ಎಲ್ಲಿ ಕತ್ತರಿಸಿದೆವು ಎಂಬುದೂ ಉತ್ತರವನ್ನು ಬದಲಿಸುತ್ತದೆ!

ಆ 92ರ ಬಡಿತ ಉಳಿದುಕೊಂಡಿತು. ಅಷ್ಟು ವೇಗದ ಆವರ್ತನದಲ್ಲಿ ಕೆಂಪು ಗದ್ದಲ ಕ್ಷೀಣವಾಗಿರುತ್ತದೆ. 2006ರಲ್ಲಿ ರೆಸ್ಸಿ ಎಂಬ ಬೇರೊಂದು ಉಪಗ್ರಹದ ದತ್ತಾಂಶದಲ್ಲೂ ಅದು ಕಂಡಿತು. 2023ರಲ್ಲಿ ಸಿಸಿಲಿಯಾ ಕಿರೆಂಟಿ ತಂಡ 1991 ಮತ್ತು 1993ರ ಎರಡು ಕಿರು ಗಾಮಾ ಸ್ಫೋಟಗಳಲ್ಲಿ ಕಿಲೊಹರ್ಟ್ಸ್ ಮಟ್ಟದ, ಅಂದರೆ ಸೆಕೆಂಡಿಗೆ ಸಾವಿರಾರು ಬಾರಿಯ, ಕಂಪನ ಕಂಡಿದ್ದು ಸುಮಾರು 30 ವರ್ಷ ಹಳೆಯ ಕಡತಗಳಿಂದ.

ನಮ್ಮ ಬಾಹ್ಯಾಕಾಶ ವೀಕ್ಷಣಾಲಯಗಳಾದ ಆಸ್ಟ್ರೋಸ್ಯಾಟ್, ಆದಿತ್ಯ ಎಲ್1ರ ದತ್ತಾಂಶವೂ ಸಾರ್ವಜನಿಕವಾಗಿದೆ. ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ಎರಡೂ ವಿಭಾಗಗಳಿವೆ. ಇಬ್ಬರು ವಿದ್ಯಾರ್ಥಿಗಳು ಜೊತೆಗೂಡಿ ಒಂದು ಸೌರಜ್ವಾಲೆಯನ್ನು ಆಯ್ದು, ಮೊದಲು ಲಯವೇ ಇಲ್ಲದ ಸಾವಿರ ಕೃತಕ ಜ್ವಾಲೆಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಲಿ. ನಿಜವಾದದ್ದನ್ನು ಆಮೇಲೆ ತೆರೆಯಲಿ.