ಗೋತ್ರ ಬೇರೆ, ಜೀನ್ ಒಂದೇ

"ನಮ್ಮದು ಸಂಬಂಧದಲ್ಲಿ ಆದ ಮದುವೆ ಅಲ್ಲ ಡಾಕ್ಟ್ರೇ. ಗೋತ್ರಾನೂ ಬೇರೆ. ಮತ್ತೆ ಮಗೂಗೆ ಯಾಕೆ ಬಂತು?"

ಆನುವಂಶಿಕ ಕಾಯಿಲೆಗಳ ಕ್ಲಿನಿಕ್‌ನಲ್ಲಿ ನಾವು ಪದೇಪದೇ ಕೇಳುವ ಪ್ರಶ್ನೆ ಇದು. ಒಂದೊಂದು ಜೀನ್‌ಗೂ ನಮ್ಮಲ್ಲಿ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಇಲ್ಲಿ ಹೇಳುವಂಥ ಕಾಯಿಲೆ ಬರುವುದು ಎರಡೂ ಬದಲಾಗಿದ್ದಾಗ. ಅಪ್ಪ ಅಮ್ಮ ಇಬ್ಬರ ರಕ್ತ ಪರೀಕ್ಷೆಯಲ್ಲೂ ಒಂದೇ ಜೀನ್‌ನಲ್ಲಿ ಒಂದೇ ಬದಲಾವಣೆ ಕಂಡಿರುತ್ತದೆ. ಎರಡೂ ಮನೆಯ ಹಿರಿಯರು ಎಷ್ಟು ನೆನಪಿಸಿಕೊಂಡರೂ ನೆಂಟಸ್ತಿಕೆ ಸಿಗುವುದಿಲ್ಲ.

ಮೊದಲು ಗೋತ್ರದ ವಿಷಯ. ಅದು ಅಪ್ಪನ ಕಡೆಯಿಂದ ಮಾತ್ರ ಬರುತ್ತದೆ. ಜೀನ್‌ಗಳು ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತವೆ. ಐದು ತಲೆಮಾರು ಹಿಂದಕ್ಕೆ ಹೋದರೆ ಆ ಹಂತದಲ್ಲೇ ನಿಮಗೆ 32 ಹಿರಿಯರು. ಗೋತ್ರ ಅವರಲ್ಲಿ ಒಬ್ಬರ ಜಾಡನ್ನಷ್ಟೇ ಹಿಡಿದಿರುತ್ತದೆ. ಬದಲಾದ ಜೀನ್ ಉಳಿದ 31 ಜನರಲ್ಲಿ ಯಾರಿಂದ ಬೇಕಾದರೂ ಬಂದಿರಬಹುದು. ಅದಕ್ಕೇ ನಾನು ಅಜ್ಜಿಯರ ತವರೂರು ಯಾವುದು ಅಂತ ಕೇಳುತ್ತೇನೆ. ಎಷ್ಟೋ ಸಲ ಎರಡೂ ಕಡೆಯ ಉತ್ತರ ಒಂದೇ ತಾಲ್ಲೂಕಿಗೆ ಬಂದು ನಿಲ್ಲುತ್ತದೆ.

ಒಂದು ಬದಲಾವಣೆ ಹುಟ್ಟುವುದು ಹೇಗೆ, ಹರಡುವುದು ಹೇಗೆ? ಹುಟ್ಟುವುದು ಸುಲಭ. ಅಪ್ಪ ಅಮ್ಮನಲ್ಲಿ ಇಲ್ಲದ ಸುಮಾರು 60–70 ಹೊಸ ಬದಲಾವಣೆಗಳು ಪ್ರತಿ ಮಗುವಿನಲ್ಲೂ ಇರುತ್ತವೆ. ಹೆಚ್ಚಿನವು ಏನೂ ಮಾಡುವುದಿಲ್ಲ, ಸುಮ್ನೆ ಇರುತ್ತವೆ. ಉಳಿಯುವುದು ಕಷ್ಟ. ಒಬ್ಬರಲ್ಲಿ ಹೊಸ ಬದಲಾವಣೆ ಇದೆ, ಅವರಿಗೆ ಇಬ್ಬರು ಮಕ್ಕಳು ಅಂದುಕೊಳ್ಳಿ. ಇಬ್ಬರಿಗೂ ಅದು ದಾಟದೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಗ ಅದು ಅಲ್ಲಿಗೇ ಮುಗಿಯಿತು. ಇಬ್ಬರಿಗೂ ದಾಟುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಆಗ ಒಂದಿದ್ದದ್ದು ಎರಡಾಯಿತು. ಒಳ್ಳೆಯದು, ಕೆಟ್ಟದ್ದು ಎಂಬ ಮಾತೇ ಇಲ್ಲಿಲ್ಲ, ಬರೀ ಅದೃಷ್ಟ. ಲಕ್ಷಾಂತರ ಜನ ಇರುವಲ್ಲಿ ಈ ಏರಿಳಿತಗಳು ಒಂದನ್ನೊಂದು ಸರಿದೂಗಿಸುತ್ತವೆ. ಇನ್ನೂರು ಮುನ್ನೂರು ಜನರ ಗುಂಪಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕೆಲವೇ ತಲೆಮಾರಿನಲ್ಲಿ ಒಂದು ಬದಲಾವಣೆ ಪೂರ್ತಿ ಮಾಯವಾಗಬಹುದು, ಇಲ್ಲವೇ ಮನೆಮನೆಗೂ ತಲುಪಬಹುದು.

ನಮ್ಮ ದೇಶದ ಕಥೆ ಇರುವುದು ಇಲ್ಲೇ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕುಮಾರಸ್ವಾಮಿ ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಕ್ ಮತ್ತು ಜೊತೆಗಾರರು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ ಜೀನ್ ನೋಡಿ ಒಂದು ವರದಿ ಪ್ರಕಟಿಸಿದರು. ಅವುಗಳಲ್ಲಿ 81 ಗುಂಪುಗಳು ತೀರಾ ಕಡಿಮೆ ಮೂಲಪುರುಷರು, ಮೂಲಸ್ತ್ರೀಯರಿಂದ ಬೆಳೆದವು. ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಸರಾದ ಫಿನ್ಲೆಂಡಿನ ಜನ ಮತ್ತು ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳನ್ನೂ ಅವು ಮೀರಿಸಿದ್ದವು. ಅದರಲ್ಲೂ 14 ಗುಂಪುಗಳ ಇವತ್ತಿನ ಜನಸಂಖ್ಯೆ 10 ಲಕ್ಷಕ್ಕಿಂತ ಜಾಸ್ತಿ. ಅಂದರೆ ಇವತ್ತು ಎಷ್ಟು ಜನ ಇದ್ದೇವೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಜಾತಿಯೊಳಗೇ ಮದುವೆ ಅಂತ ಬಾಗಿಲು ಹಾಕಿಕೊಂಡಾಗ ಒಳಗೆ ಎಷ್ಟು ಜನ ಇದ್ದರು ಅನ್ನುವುದೇ ಮುಖ್ಯ.

ಇದರ ಒಂದು ಉದಾಹರಣೆ ನಮ್ಮ ಅರಿವಳಿಕೆ ತಜ್ಞರಿಗೆ ಚೆನ್ನಾಗಿ ಗೊತ್ತು. ಆಪರೇಷನ್‌ಗೆ ಮುಂಚೆ ಉಸಿರಿನ ಟ್ಯೂಬ್ ಹಾಕಲು ಸ್ಕೋಲಿನ್ ಇಂಜೆಕ್ಷನ್ ಕೊಡುವುದುಂಟು. ಅದು ಸ್ನಾಯುಗಳನ್ನು ಕೆಲವೇ ನಿಮಿಷ ಸಡಿಲ ಮಾಡುತ್ತದೆ. ಆಮೇಲೆ ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಆ ಕಿಣ್ವ ಕೆಲಸ ಮಾಡದವರಲ್ಲಿ ಗಂಟೆಗಟ್ಟಲೆ ಉಸಿರಾಟ ಮರಳುವುದಿಲ್ಲ. ವೆಂಟಿಲೇಟರ್‌ನಲ್ಲಿ ಇಟ್ಟು ಕಾದರೆ ಸರಿಹೋಗುತ್ತಾರೆ. ಮೊದಲೇ ಗೊತ್ತಿದ್ದರೆ ಬೇರೆ ಔಷಧಿ ಕೊಡಬಹುದು. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಸುಮಾರು 100 ಪಟ್ಟು ಜಾಸ್ತಿ. ಸ್ಕೋಲಿನ್ ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅಲ್ಲಿವರೆಗೆ ಈ ಬದಲಾವಣೆಯಿಂದ ಯಾರಿಗೂ ತೊಂದರೆ ಆಗಿರಲಿಕ್ಕಿಲ್ಲ. ಹಾಗಾಗಿ ಅದನ್ನು ತಡೆಯುವಂಥದ್ದೇನೂ ಇರಲಿಲ್ಲ. ನೀವು ಈ ಸಮುದಾಯದವರಾದರೆ ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರಿಗೆ ದಯವಿಟ್ಟು ಹೇಳಿ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವುದರಿಂದ ಏನಾಗುತ್ತದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಮದುವೆಗಳು ಸಂಬಂಧದಲ್ಲೇ ಆಗಿವೆ. ಇಂಥ ಮದುವೆಯಿಂದ ಸಮುದಾಯದಲ್ಲಿ ಬದಲಾದ ಜೀನ್‌ನ ಪ್ರಮಾಣ ಹೆಚ್ಚುವುದಿಲ್ಲ. ಬದಲಾದ ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಸೇರುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ಆ ಜೀನ್‌ನ 100 ಪ್ರತಿಗಳಲ್ಲಿ ಒಂದು ಬದಲಾಗಿದೆ ಎಂದಿಟ್ಟುಕೊಳ್ಳಿ. ಸಂಬಂಧವಿಲ್ಲದ ಮದುವೆಗಳಲ್ಲಿ 10,000 ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಸುಮಾರು 7. ಸೋದರಮಾವನ ಜೊತೆಗಾದರೆ ಸುಮಾರು 13. ಈಗ 100 ಪ್ರತಿಗಳಲ್ಲಿ 20 ಬದಲಾಗಿರುವ ಸಮುದಾಯ ನೋಡಿ. ಸಂಬಂಧವಿಲ್ಲದಿದ್ದರೂ 100 ಮಕ್ಕಳಲ್ಲಿ 4. ಅತ್ತೆ ಮಗನಾದರೆ 5, ಸೋದರಮಾವನಾದರೆ 6. ಹೆಚ್ಚು ವ್ಯತ್ಯಾಸವೇ ಇಲ್ಲ ಅಲ್ವಾ? ಅಪರೂಪದ ಕಾಯಿಲೆಗಳು ಸಾವಿರಾರು ಇವೆ, ಅವುಗಳ ಮಟ್ಟಿಗೆ ಸಂಬಂಧ ಬಿಡುವುದು ಖಂಡಿತ ಒಳ್ಳೆಯದು. ಆದರೆ ಸಮುದಾಯದಲ್ಲಿ ಆಗಲೇ ಹರಡಿರುವ ಜೀನ್‌ಗೆ ಅದೊಂದೇ ಸಾಲದು. ಪರೀಕ್ಷೆ ಬೇಕು.

ಅದೃಷ್ಟದ ಬಲವಿಲ್ಲದೆಯೂ ಜೀನ್ ಹರಡುತ್ತದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರಕ್ತಹೀನತೆಯೇ ಸಾಕ್ಷಿ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ಇದು ಇದೆ. ಬದಲಾದ ಎರಡು ಪ್ರತಿ ಇದ್ದವರಿಗೆ ಮೈಕೈ ನೋವು, ರಕ್ತಹೀನತೆ, ಮತ್ತೆ ಮತ್ತೆ ಸೋಂಕು. ಬದಲಾದ ಒಂದೇ ಪ್ರತಿ ಇರುವ ವಾಹಕರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಷ್ಟೇ ಅಲ್ಲ, ಮಾರಣಾಂತಿಕ ಮಲೇರಿಯಾದಿಂದ ಅವರಿಗೆ ರಕ್ಷಣೆ ಸಿಗುತ್ತದೆ. ವಿಜ್ಞಾನಿ ಆಂಥೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದಲ್ಲಿ ಇದನ್ನು ತೋರಿಸಿಕೊಟ್ಟರು. ಮಲೇರಿಯಾ ಮಕ್ಕಳನ್ನು ಕೊಲ್ಲುತ್ತಿದ್ದ ಕಾಡಿನಲ್ಲಿ ವಾಹಕ ಮಕ್ಕಳು ಬದುಕಿದರು, ಬೆಳೆದು ಮಕ್ಕಳನ್ನು ಹೆತ್ತರು. ಹಾಡಿಯ ಜನರಲ್ಲಿ ಈ ಜೀನ್ ಇದ್ದರೆ ಅದು ಅವರ ಕುಲದ ದೋಷ ಅಲ್ಲವೇ ಅಲ್ಲ. ಅವರ ಹಿರಿಯರನ್ನು ಉಳಿಸಿದ್ದೇ ಅದು.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. 7 ಕೋಟಿ ಜನರ ತಪಾಸಣೆ, 2047ರ ಹೊತ್ತಿಗೆ ನಿರ್ಮೂಲನೆ ಅದರ ಗುರಿ. ತುಂಬಾ ಬೇಕಿದ್ದ ಕೆಲಸ. ಆದರೆ ನಿರ್ಮೂಲನೆ ಆಗಬೇಕಾದ್ದು ಕಾಯಿಲೆ. ಜೀನ್ ಅಷ್ಟು ಬೇಗ ಹೋಗುವುದೂ ಇಲ್ಲ. ನೂರರಲ್ಲಿ ಒಂದು ಪ್ರತಿ ಬದಲಾಗಿರುವಲ್ಲಿ, ಕಾಯಿಲೆ ಇರುವ ಯಾರಿಗೂ ಮಕ್ಕಳೇ ಆಗದಿದ್ದರೂ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 100 ತಲೆಮಾರು ಬೇಕು. ಏಕೆಂದರೆ ಹೆಚ್ಚಿನ ಪ್ರತಿಗಳು ಆರೋಗ್ಯವಾಗಿರುವ ವಾಹಕರಲ್ಲಿವೆ. ಇಬ್ಬರು ವಾಹಕರು ಮದುವೆಯಾಗದಂತೆ ನೋಡಿಕೊಂಡರೆ ಕಾಯಿಲೆಯ ಮಕ್ಕಳು ಕಡಿಮೆಯಾಗುತ್ತಾರೆ, ಜೀನ್ ಹಾಗೇ ಮುಂದುವರಿಯುತ್ತದೆ. ಮುಂದುವರಿಯಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ನನ್ನ ಆತಂಕ ತಪಾಸಣೆ ಆದವರಿಗೆ ಕೊಡುವ ಕಾರ್ಡಿನ ಬಗ್ಗೆ. ಹುಡುಗಿಯ ಕೈಯಲ್ಲಿ ವಾಹಕ ಅಂತ ಬರೆದ ಕಾರ್ಡ್ ಕಂಡ ತಕ್ಷಣ ಸಂಬಂಧ ಮುರಿಯುವವರಿದ್ದಾರೆ. ಹುಡುಗನಿಗೆ ಪರೀಕ್ಷೆ ಮಾಡಿಸಿರುವುದೇ ಇಲ್ಲ. ವಾಹಕರು ವಾಹಕರಲ್ಲದವರನ್ನು ಮದುವೆಯಾದರೆ ಯಾವ ಮಗುವಿಗೂ ಈ ಕಾಯಿಲೆ ಬರುವುದಿಲ್ಲ. ಆದರೆ ಸಂಗಾತಿಯಲ್ಲಿ ಥಲಸ್ಸೀಮಿಯಾದಂಥ (ಇನ್ನೊಂದು ಆನುವಂಶಿಕ ರಕ್ತಹೀನತೆ) ಬೇರೆ ಬದಲಾವಣೆ ಇದೆಯೇ ಎಂದೂ ನೋಡಬೇಕು, ಅದು ಇದರ ಜೊತೆ ಸೇರಿದರೂ ಕಾಯಿಲೆ ಬರಬಹುದು. ಆದ್ದರಿಂದ ಇಬ್ಬರ ಪರೀಕ್ಷೆಯೂ ಒಟ್ಟಿಗೇ ಆಗಲಿ. ಇಬ್ಬರೂ ವಾಹಕರಾಗಿದ್ದು ಆಗಲೇ ಮದುವೆಯಾಗಿದ್ದರೆ, ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಬಸಿರಿನ 11ನೇ ವಾರದ ಹೊತ್ತಿಗೆ ಪರೀಕ್ಷೆ ಮಾಡಿಸಬಹುದು. ಹುಟ್ಟಿದ ಮಗುವಿಗೆ ಕಾಯಿಲೆ ಇದ್ದರೂ, ಮೊದಲ ತಿಂಗಳುಗಳಲ್ಲೇ ಗೊತ್ತಾದರೆ ಪೆನ್ಸಿಲಿನ್, ಲಸಿಕೆ, ಆಮೇಲೆ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಕೊಟ್ಟು ನೋಡಿಕೊಳ್ಳುತ್ತೇವೆ. ಆ ಮಕ್ಕಳು ಶಾಲೆಗೆ ಹೋಗುತ್ತಾರೆ.